ಗೂರ್ಮೇ: ಆಳಿನ ಹೆಸರು ಡಬ್ಬಿಗೆ ಅಂಟಿದ ಬಗೆ

ಇಂಗ್ಲಿಷಿನ ‘ಗೂರ್ಮೇ’ ಮೊದಲಿಗೆ ಮನುಷ್ಯನಿಗೆ ಸಲ್ಲುವ ಪದ. ಊಟ ಮತ್ತು ಪಾನೀಯಗಳ ರುಚಿ ಬಲ್ಲವನು, ಒಳ್ಳೆಯದು ಯಾವುದು, ಅದಕ್ಕಿಂತ ಒಂದು ಕೈ ಮೇಲಾದದ್ದು ಯಾವುದು ಎಂಬುದನ್ನು ನಾಲಿಗೆಯಲ್ಲೇ ಅಳೆಯಬಲ್ಲವನು ಎಂದು ಅದರ ಅರ್ಥ. ಈಗ ಈ ಪದ ಮನುಷ್ಯರಿಗಿಂತ ಹೆಚ್ಚಾಗಿ ಪೊಟ್ಟಣಗಳ ಮೇಲೆ ಕಾಣಸಿಗುತ್ತದೆ. ಫ್ರೆಂಚಿನಿಂದ ಬಂದದ್ದರಿಂದ ಕೊನೆಯ ‘ಟಿ’ ಬರವಣಿಗೆಗಷ್ಟೇ ಉಂಟು, ಉಚ್ಚಾರಕ್ಕಿಲ್ಲ. ಬಫೆ, ಬ್ಯಾಲೆ, ಬೊಕೆಗಳ ಸಾಲಿಗೇ ಇದೂ ಸೇರಿದ್ದು. ಅಕ್ಷರ ನೋಡಿಕೊಂಡು ಕನ್ನಡದಲ್ಲಿ ‘ಗೌರ್ಮೆಟ್’ ಎಂದು ಬರೆದರೆ ಇನ್ನೊಂದು ಅಪಾಯವೂ ಇದೆ: ನಡುವೆ ಒಂದು ಸೊನ್ನೆ ಸೇರಿತೆಂದರೆ ತಿಂಡಿ ಅಂಗಡಿ ಸರ್ಕಾರಿ ಕಚೇರಿಯಾಗಿಬಿಡುತ್ತದೆ.

ಪದದ ಹುಟ್ಟು ಮಾತ್ರ ಅಷ್ಟೇನೂ ಶ್ರೀಮಂತವಲ್ಲ. ಹಳೆಯ ಫ್ರೆಂಚಿನಲ್ಲಿ ‘ಗ್ರೋಮೆ’ ಎಂದರೆ ಆಳು, ಅದರಲ್ಲೂ ವೈನ್ ವ್ಯಾಪಾರಿಯ ಕೈಕೆಳಗಿನ ಆಳು. ಪೀಪಾಯಿಗಳ ನಡುವೆಯೇ ಬದುಕು ಸವೆಸುವವನಿಗೆ ಯಾವ ಪೀಪಾಯಿಯಲ್ಲಿ ಏನಿದೆ ಎಂಬುದು ಬಾಯಿಗೆ ಬಿದ್ದೊಡನೆ ತಿಳಿಯುವುದು ಸಹಜ. ಹೀಗೆ ಆಳಿನ ಹೆಸರು ಕ್ರಮೇಣ ವೈನ್ ರುಚಿ ನೋಡಿ ಬೆಲೆ ಕಟ್ಟುವವನ ಹೆಸರಾಯಿತು. 1813ರಲ್ಲಿ ನೆಪೋಲಿಯನ್ ಪ್ಯಾರಿಸ್ಸಿನ ವೈನ್ ವ್ಯಾಪಾರಕ್ಕೆ ನಿಯಮಗಳನ್ನು ಹೊರಡಿಸಿದಾಗ ಈ ಕಸುಬಿಗೆ ಅಧಿಕೃತ ಸ್ಥಾನವೇ ಸಿಕ್ಕಿತು. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು, ವೈನಿನ ರುಚಿ ನೋಡಿ, ಅದು ಯಾವ ಸೀಮೆಯದು, ಎಂಥ ಗುಣದ್ದು ಎಂದು ಪ್ರಾಮಾಣಿಕವಾಗಿ ಹೇಳುವುದು, ತಕರಾರು ಬಂದರೆ ತಜ್ಞನಾಗಿ ಸಾಕ್ಷಿ ನುಡಿಯುವುದು ಇವರ ಕೆಲಸ. ಇವರ ಪೂರ್ತಿ ಬಿರುದಿನಲ್ಲಿ ‘ದಲ್ಲಾಳಿ’, ‘ಗೂರ್ಮೇ’ ಎಂಬುವುಗಳ ಜೊತೆಗೆ ‘ಚುಚ್ಚುವವನು’ ಎಂಬ ಮಾತೂ ಇತ್ತು. ಮಾದರಿ ತೆಗೆಯಲು ಪೀಪಾಯಿಗೆ ತೂತು ಕೊರೆಯಬೇಕಲ್ಲ!

‘ಗ್ರೋಮೆ’ ಹೋಗಿ ‘ಗೂರ್ಮೇ’ ಆಗಲು ಪಕ್ಕದಲ್ಲೇ ಇದ್ದ ಇನ್ನೊಂದು ಪದ ಕಾರಣ: ‘ಗೂರ್ಮಾಂ’, ಅಂದರೆ ಹೊಟ್ಟೆಬಾಕ. ಎರಡಕ್ಕೂ ರಕ್ತಸಂಬಂಧವಿಲ್ಲದಿದ್ದರೂ ದನಿ ಹತ್ತಿರವಾದ್ದರಿಂದ ಒಂದರ ರೂಪ ಇನ್ನೊಂದಕ್ಕೆ ತಾಗಿತು. ಕ್ರೈಸ್ತರ ಏಳು ಮಹಾಪಾಪಗಳ ಫ್ರೆಂಚ್ ಪಟ್ಟಿಯಲ್ಲಿ ‘ಗೂರ್ಮಾಂದೀಸ್’, ಅಂದರೆ ಹೊಟ್ಟೆಬಾಕತನ, ಕೂಡ ಒಂದು. ಅದನ್ನು ಪಾಪದ ಕಟಕಟೆಯಿಂದ ಇಳಿಸಲು ಹೊರಟವರು ಹತ್ತೊಂಬತ್ತನೇ ಶತಮಾನದ ಆರಂಭದ ಪ್ಯಾರಿಸ್ಸಿನ ಬರಹಗಾರರು. ಗ್ರಿಮೋ ದ ಲಾ ರೇನಿಯೇರ್ 1803ರಲ್ಲಿ ಊಟಪ್ರಿಯರಿಗಾಗಿಯೇ ಒಂದು ಪಂಚಾಂಗ ಹೊರತಂದು, ಅದರ ಹೆಸರಿನಲ್ಲೇ ‘ಗೂರ್ಮಾಂ’ ಎಂದು ಧೈರ್ಯವಾಗಿ ಹಾಕಿದ. ನ್ಯಾಯಾಧೀಶನಾಗಿದ್ದ ಬ್ರಿಯಾ ಸವಾರೆಂ 1825ರ ಕೊನೆಯಲ್ಲಿ ಹೊರಬಂದ ತನ್ನ ‘ರುಚಿಯ ಶರೀರಶಾಸ್ತ್ರ’ದಲ್ಲಿ ಗೂರ್ಮಾಂದೀಸಿಗೂ ಅತಿಯಾಗಿ ತಿನ್ನುವುದಕ್ಕೂ ಹಗೆತನವೇ ಇದೆ ಎಂದು ವಾದಿಸಿದ. ವಾದ ಪೂರ್ತಿ ಗೆದ್ದಿತೆನ್ನಲಾಗದು. ಪ್ಯಾರಿಸ್ಸಿನ ಹೆಸರಾಂತ ಬ್ರೆಡ್ ತಯಾರಕ ಲಿಯೊನೆಲ್ ಪೊಲಾನ್, ಪಾಪದ ಪಟ್ಟಿಯಲ್ಲಿ ಆ ಪದವನ್ನು ಬದಲಿಸಿ ಎಂದು ಪೋಪರಿಗೆ ಮನವಿ ಸಿದ್ಧಪಡಿಸಿದ್ದ. ಅವನ ಸಾವಿನ ನಂತರ, 2003ರಲ್ಲಿ, ಅದು ವ್ಯಾಟಿಕನ್ ತಲುಪಿತು.

ಇಂಗ್ಲಿಷಿಗೆ ‘ಗೂರ್ಮಂಡ್’ ಹದಿನೈದನೇ ಶತಮಾನದಲ್ಲೇ ಹೊಟ್ಟೆಬಾಕನಾಗಿ ಬಂದಿತ್ತು. ‘ಗೂರ್ಮೇ’ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಎರಡನ್ನೂ ಬಳಸುವಾಗ ಎಡವುವವರು ಬಹಳ. ಮದುವೆಯ ಪಂಕ್ತಿಯಲ್ಲಿ ಪಂದ್ಯ ಕಟ್ಟಿ, ಬಡಿಸುವವನನ್ನು ಮತ್ತೆ ಮತ್ತೆ ಕರೆದು ಜಿಲೇಬಿ ಹಾಕಿಸಿಕೊಳ್ಳುವವನು ಗೂರ್ಮಂಡ್. ಅದೇ ಪಂಕ್ತಿಯಲ್ಲಿ ಒಂದೇ ಜಿಲೇಬಿ ಮುರಿದು ಬಾಯಿಗಿಟ್ಟು, ಹಿಟ್ಟು ಹುಳಿ ಬರುವ ಮೊದಲೇ ಎಣ್ಣೆಗೆ ಬಿಟ್ಟಿದ್ದಾರೆ ಎನ್ನುವವನು ಗೂರ್ಮೇ. ಡಿಕಾಕ್ಷನ್ನಿನ ಒಂದು ಗುಟುಕಿನಲ್ಲೇ ಚಿಕೋರಿ ಎಷ್ಟು ಬೆರೆತಿದೆ ಎಂದು ಅಂದಾಜು ಹೇಳುವವನೂ ಗೂರ್ಮೇಯೇ, ಅವನ ಕೈಯಲ್ಲಿರುವುದು ಸ್ಟೀಲ್ ಲೋಟವಾದರೂ ಸರಿ. ಕನ್ನಡದಲ್ಲಿ ಮೊದಲನೆಯವನಿಗೆ ‘ತಿಂಡಿಪೋತ’ ಸಲೀಸಾಗಿ ಹೊಂದುತ್ತದೆ. ಎರಡನೆಯವನಿಗೆ ‘ಭೋಜನರಸಿಕ’ ಎನ್ನಬಹುದಾದರೂ ‘ನಾಲಿಗೆ ಬಲ್ಲವನು’ ಎಂಬ ಮಾತಿನಲ್ಲಿ ಪರೀಕ್ಷಕನ ಕಟ್ಟುನಿಟ್ಟು ಹೆಚ್ಚು ಇದೆ.

ಇದೇ ಬಳಗದ ‘ಎಪಿಕ್ಯೂರ್’ ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸನ ಹೆಸರಿನಿಂದ ಬಂದದ್ದು. ಬ್ರೆಡ್ಡು, ನೀರಿನಲ್ಲೇ ತೃಪ್ತನಾಗಿದ್ದು, ಒಂದು ಸಣ್ಣ ಕುಡಿಕೆ ಚೀಸ್ ಇದ್ದರೆ ಹಬ್ಬ ಮಾಡುತ್ತೇನೆಂದು ಗೆಳೆಯನಿಗೆ ಬರೆದನೆನ್ನಲಾದವನ ಹೆಸರು ಭೋಗದ ಊಟಕ್ಕೆ ಅಂಟಿಕೊಂಡದ್ದು ಅನ್ಯಾಯವೇ ಸರಿ. ‘ಫುಡೀ’ 1980ರ ದಶಕದ ಕೂಸು. ಅದಕ್ಕೆ ಪರಿಣತಿ ಬೇಕಿಲ್ಲ, ಆಸಕ್ತಿ ಸಾಕು.

ಇಪ್ಪತ್ತನೇ ಶತಮಾನದಲ್ಲಿ ಗೂರ್ಮೇ ವಿಶೇಷಣವಾಯಿತು. ಅಮೆರಿಕದಲ್ಲಿ 1941ರ ಜನವರಿಯಿಂದ 2009ರವರೆಗೆ ‘ಗೂರ್ಮೇ’ ಎಂಬ ಮಾಸಪತ್ರಿಕೆಯೇ ನಡೆಯಿತು. 1970ರ ಹೊತ್ತಿಗೆ ಆರ್ವಿಲ್ ರೆಡನ್‌ಬಾಕರ್ ಎಂಬ ವ್ಯಾಪಾರಿ ತನ್ನ ಮೆಕ್ಕೆಜೋಳಕ್ಕೆ ‘ಗೂರ್ಮೇ ಪಾಪ್‌ಕಾರ್ನ್’ ಎಂಬ ಹೆಸರಿಟ್ಟ. 1976ರಲ್ಲಿ ಜೆಲ್ಲಿ ಬೆಲ್ಲಿ ಮಿಠಾಯಿ, 2001ರಲ್ಲಿ ಲಂಡನ್ನಿನ ಒಂದು ಬರ್ಗರ್ ಅಂಗಡಿ ಅದೇ ಪದ ಹಿಡಿದವು. ಹಾಗಾಗಿ ಈ ಬಳಕೆಯಲ್ಲಿ ಗೂರ್ಮೇ ಎಂದರೆ ‘ರುಚಿಯಾದ’ ಎಂದು ಅರ್ಥವಲ್ಲ. ಆಯ್ದ ಸಾಮಗ್ರಿ, ಶ್ರಮದ ತಯಾರಿ, ಮೇಲ್ದರ್ಜೆಯ ಬೆಲೆ ಎಂಬ ಭರವಸೆ ಅಷ್ಟೇ. ಗೂರ್ಮೇ ಬರ್ಗರ್ ಸಪ್ಪೆಯಾಗಿರಲು ಯಾವ ಅಡ್ಡಿಯೂ ಇಲ್ಲ. ಮಾಡಿದ ಅಡುಗೆ ಬಾಯಿಗೆ ಹಿತವಾಯಿತು ಎನ್ನಲು ಇಂಗ್ಲಿಷಿನಲ್ಲಿ ಬೇರೆ ಪದಗಳಿವೆ. ‘ಸಾರು ಗೂರ್ಮೇ ಆಗಿದೆ’ ಎಂದರೆ ಮೆಚ್ಚುಗೆ ಅಡುಗೆಯವರನ್ನು ಮುಟ್ಟುವುದಿಲ್ಲ.

ಜಪಾನಿನಲ್ಲಿ ಇದರ ದಾರಿ ಬೇರೆ. ಅಲ್ಲಿ ‘ಗುರುಮೆ’ ಆದ ಪದ ರುಚಿ ಬಲ್ಲವನಿಗೂ ಒಳ್ಳೆಯ ಊಟಕ್ಕೂ ಸಲ್ಲುತ್ತದೆ. ದುಬಾರಿಯಲ್ಲದ, ಊರೂರಿನ ಬೀದಿಬದಿಯ ತಿನಿಸಿಗೆ ‘ಬಿ ದರ್ಜೆಯ ಗುರುಮೆ’ ಎಂಬ ಹೆಸರೂ ಹುಟ್ಟಿದೆ, ಅದರಲ್ಲಿ ತಾತ್ಸಾರವಿಲ್ಲ. ಇಂಥ ತಿನಿಸುಗಳಿಗೆಂದೇ 2006ರಲ್ಲಿ ಹಚಿನೊಹೆ ನಗರದಲ್ಲಿ ಒಂದು ಸ್ಪರ್ಧೆ ಆರಂಭವಾಯಿತು. ತಿಂದವರು ತಮ್ಮ ಊಟದ ಕಡ್ಡಿಗಳನ್ನು ಇಷ್ಟವಾದ ಮಳಿಗೆಯ ಪೆಟ್ಟಿಗೆಗೆ ಹಾಕುತ್ತಾರೆ, ಕೊನೆಗೆ ಅವನ್ನು ತೂಗಿ ಗೆದ್ದವರನ್ನು ಹೇಳುತ್ತಾರೆ. ಮೊದಲ ವರ್ಷ ಗೆದ್ದದ್ದು ಫುಜಿನೊಮಿಯ ಊರಿನ ಹುರಿದ ನೂಡಲ್ಸ್.