ಕಲ್ಯಾಣನಾಡಿನ ಶರಣೆಯರೂ ಸ್ತ್ರೀವಿದ್ಯೆಯೂ

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಸಮೀಪದಲ್ಲಿ ಮೊದಲು ಬಸವಕಲ್ಯಾಣವೂ, ಅಲ್ಲಿಂದ ಮೂಡಲಿಗೆ ಹುಮನಾಬಾದವೂ, ಅದಕ್ಕೆ ಹೊಂದಿಕೊಂಡು ಮಾಣಿಕನಗರವೂ ಇರುವವು. ಈ ಸೀಮೆಯ ಮಹಿಮೆಯನ್ನು ವರ್ಣಿಸುವವರು ಸಾಮಾನ್ಯವಾಗಿ ಅರಸರನ್ನೂ ಶರಣರನ್ನೂ ಸ್ಮರಿಸಿ ಮುಗಿಸುವರು. ಇಲ್ಲಿಯ ಹೆಣ್ಣುಮಕ್ಕಳು ಅಕ್ಷರಕ್ಕಾಗಿಯೂ ಅರಿವಿಗಾಗಿಯೂ ಪಟ್ಟ ಪಾಡು ಮಾತ್ರ ಹಿಂದೆ ಉಳಿಯುವದು. ಮಠದ ಭಕ್ತಮಂಡಳಿಯು ಅದನ್ನು ತಿಳಿಯುವದು ಅವಶ್ಯವಾಗಿದೆ.

ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಚಕ್ರವರ್ತಿಯಾದ ಆಹವಮಲ್ಲ ಸೋಮೇಶ್ವರನು ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದನು. ಅವನ ಮಗನಾದ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಇಲ್ಲಿಯೇ ರಚಿಸಿದನು. ಸ್ತ್ರೀಧನದ ವಿಷಯದಲ್ಲಿ ಈ ಪಂಡಿತನು ಇತರ ಶಾಸ್ತ್ರಕಾರರಿಗಿಂತ ಉದಾರನೆಂಬುದನ್ನು ಒಪ್ಪಲೇಬೇಕು. ಆದರೆ ಅವನು ವ್ಯಾಖ್ಯಾನಿಸಿದ ಮೂಲಸ್ಮೃತಿಯ ವಿಧಿಯಾದರೋ, ಹೆಣ್ಣಿನ ಸಂಸ್ಕಾರಗಳೆಲ್ಲವೂ ಮಂತ್ರವಿಲ್ಲದೆ ನಡೆಯತಕ್ಕವು, ವಿವಾಹವೊಂದೇ ಸಮಂತ್ರಕವು ಎಂಬುದಾಗಿದೆ. ಅಂದರೆ ಹೆಣ್ಣಿಗೆ ಆಸ್ತಿಯಲ್ಲಿ ಒಂದಿಷ್ಟು ಪಾಲು ದೊರೆತರೂ ಮಂತ್ರದಲ್ಲಿ, ಎಂದರೆ ವಿದ್ಯೆಯಲ್ಲಿ, ಪಾಲು ದೊರೆಯಲಿಲ್ಲ. ಆ ವ್ಯಾಖ್ಯಾನದ ಓಲೆಗಳು ಹುಟ್ಟಿದ ಊರಿನಲ್ಲಿಯೇ, ಮುಂದೆ ಕೆಲವೇ ದಶಕಗಳಲ್ಲಿ, ಸ್ತ್ರೀಯರ ವಚನದ ಓಲೆಗಳೂ ಹುಟ್ಟಿದ್ದು ವಿಚಾರ ಮಾಡತಕ್ಕ ಸಂಗತಿಯಾಗಿದೆ.

ಬಸವಣ್ಣನವರು ಬಾಲ್ಯದಲ್ಲಿ ಉಪನಯನವನ್ನು ನಿರಾಕರಿಸಿದಾಗ, ಅಕ್ಕ ನಾಗಮ್ಮನಿಗಿಲ್ಲದ ಸಂಸ್ಕಾರವು ತನಗೇಕೆಂದು ಕೇಳಿದರೆಂಬ ಪ್ರತೀತಿಯು ನಮ್ಮಲ್ಲಿ ಮನೆಮಾತಾಗಿದೆ. ಇದು ನಡೆದ ಬಗೆ ಹೇಗೇ ಇರಲಿ, ಶರಣರು ಇಷ್ಟಲಿಂಗದೀಕ್ಷೆಯಲ್ಲಿ ಗಂಡುಹೆಣ್ಣೆಂಬ ಭೇದವನ್ನು ಎಣಿಸಲಿಲ್ಲ. ದೀಕ್ಷೆಯೆಂಬುದು ಆ ಕಾಲದಲ್ಲಿ ಕೇವಲ ಪೂಜೆಯ ಅಧಿಕಾರವಲ್ಲ. ಕೇಳುವ, ತಿಳಿಯುವ, ಪ್ರಶ್ನಿಸುವ ಅಧಿಕಾರವೂ ಅದರೊಳಗೇ ಅಡಗಿತ್ತು. ಇದರ ಫಲವಾಗಿ ಮೂವತ್ತಕ್ಕೂ ಮಿಕ್ಕಿದ ಶರಣೆಯರ ವಚನಗಳು ಇಂದು ನಮಗೆ ದೊರೆತಿವೆ. ನೂಲುವ ಕಾಯಕದ ಕದಿರೆ ರೆಮ್ಮವ್ವೆ, ಅಕ್ಕಿಯನ್ನು ಆಯುವ ಕಾಯಕದ ದಂಪತಿಗಳಲ್ಲೊಬ್ಬಳಾದ ಲಕ್ಕಮ್ಮ, ಶಂಭುಜಕ್ಕೇಶ್ವರಾಂಕಿತದ ಸತ್ಯಕ್ಕ, ಅಣ್ಣನಾದ ಅಜಗಣ್ಣನನ್ನೇ ಗುರುವೆಂದು ತಿಳಿದ ಮುಕ್ತಾಯಕ್ಕ, ಸೂಳೆಯೆಂದು ಲೋಕವು ಕರೆದ ಸಂಕವ್ವೆ: ಇವರಾರೂ ಅರಮನೆಯಲ್ಲಿ ಬೆಳೆದು ಪಂಡಿತರಿಂದ ಪಾಠ ಹೇಳಿಸಿಕೊಂಡವರಲ್ಲ. ಪ್ರತಿಯೊಬ್ಬಳೂ ತನ್ನ ಅಂಕಿತವನ್ನು ತಾನೇ ಇಟ್ಟುಕೊಂಡಳು. ಹೆಣ್ಣಿನ ಮಾತಿಗೆ ಹೆಣ್ಣಿನದೇ ಮುದ್ರೆಯು ಬಿದ್ದದ್ದು ಸಣ್ಣ ಸಂಗತಿಯಲ್ಲ.

ಇವರೆಲ್ಲರಲ್ಲಿ ಅಕ್ಕಮಹಾದೇವಿಯು ಎಳೆಯ ಹರೆಯದವಳು. ಉಡುತಡಿಯ ಈ ತರುಣಿಯು ಕೌಶಿಕನನ್ನು ವರಿಸಿದಳೆಂದು ಹರಿಹರನೂ, ವರಿಸಲೇ ಇಲ್ಲವೆಂದು ಚಾಮರಸನೂ ಹೇಳುವರು. ಪುರಾಣಿಕರು ಈ ವಾದದಲ್ಲಿ ಬಹಳ ಹೊತ್ತು ಕಳೆಯುವದುಂಟು. ಅದಕ್ಕಿಂತ ಮುಖ್ಯವಾದುದು ಅವಳು ಕಲ್ಯಾಣಕ್ಕೆ ಬಂದ ಮೇಲೆ ನಡೆದದ್ದು. ಶೂನ್ಯಸಂಪಾದನೆಯು ನಿರೂಪಿಸುವಂತೆ ಅಲ್ಲಮಪ್ರಭುವು ತುಂಬಿದ ಸಭೆಯಲ್ಲಿ ಅವಳನ್ನು ಕಠೋರವಾಗಿ ಪರೀಕ್ಷಿಸಿದನು. ಅವಳು ಪ್ರಶ್ನೆಗೆ ಪ್ರಶ್ನೆಯನ್ನೂ ಒಡ್ಡಿ ಉತ್ತರವನ್ನೂ ಕೊಟ್ಟಳು. ಕನಿಕರದಿಂದ ಅವಳನ್ನು ಯಾರೂ ಒಳಗೆ ಕರೆಯಲಿಲ್ಲ. ತನ್ನ ಅರಿವಿನ ಬಲದಿಂದ ಒಳಗೆ ಬಂದಳು. ವಯಸ್ಸಿನಲ್ಲಿ ಹಿರಿಯರಾದವರೂ ಅವಳನ್ನು ಅಕ್ಕನೆಂದರು.

1167-68ರ ಸುಮಾರಿಗೆ ಬಿಜ್ಜಳನ ಕೊಲೆಯೂ ಕಲ್ಯಾಣದ ಕ್ಷೋಭೆಯೂ ನಡೆದು ಶರಣಸಂಕುಲವು ಚದುರಿತು. ವಚನದ ಕಟ್ಟುಗಳನ್ನು ಉಳಿಸಲು ಹೊರಟ ತಂಡದ ಜತೆಯಲ್ಲಿ ಅಕ್ಕ ನಾಗಮ್ಮನೂ ಇದ್ದಳೆಂದು ಸಂಪ್ರದಾಯವು ಹೇಳುವದು. ಕಟ್ಟುಗಳೇನೋ ಉಳಿದವು. ಆದರೆ ಆಮೇಲಿನ ಶತಮಾನಗಳಲ್ಲಿ ಅವುಗಳನ್ನು ಸಂಕಲಿಸಿದವರೂ, ಪ್ರತಿ ಮಾಡಿದವರೂ, ಟೀಕೆ ಬರೆದವರೂ ಪುರುಷರೇ. ಹೆಣ್ಣಿನ ಹೊಸ ಅಂಕಿತವು ಅತ್ಯಂತ ವಿರಳವಾಯಿತು. ಜಗುಲಿಯ ಮೇಲೆ ಓಲೆಯ ಕಟ್ಟಿಗೆ ವಿಭೂತಿ ಧರಿಸಿ ಪತ್ರಿ ಏರಿಸುವ ಕೆಲಸವು ಮನೆಯ ಹೆಣ್ಣುಮಗಳದು. ಅದನ್ನು ಬಿಚ್ಚಿ ಓದುವ ಕೆಲಸವು ಅವಳದಲ್ಲ. ಕೂಲಿಮಠಗಳ ಮರಳಿನ ಮೇಲೆ ಅಕ್ಷರ ತಿದ್ದಿದವರು ಬಹುಮಟ್ಟಿಗೆ ಗಂಡುಹುಡುಗರೇ ಆಗಿದ್ದರು. ಇದಕ್ಕೆ ಪರರ ಆಳಿಕೆಯನ್ನಷ್ಟೇ ದೂರಿದರೆ ನ್ಯಾಯವಾಗದು. ಅಕ್ಕನ ಪುರಾಣವನ್ನು ಭಕ್ತಿಯಿಂದ ಕೇಳಿ ಮಗಳ ಕೈಗೆ ಪಾಟಿ ಕೊಡದವರು ನಮ್ಮವರೇ.

ಮಾಣಿಕಪ್ರಭುಗಳು (1817-1865) ಲಾಡವಂತಿಯಲ್ಲಿ ಜನಿಸಿ, ಹುಮನಾಬಾದದ ಬಳಿಯಲ್ಲಿ ಮಾಣಿಕನಗರವನ್ನು ನೆಲೆಗೊಳಿಸಿ, ಸರ್ವಮತಗಳಿಗೂ ಬಾಗಿಲು ತೆರೆದ ಸಕಲಮತ ಸಂಪ್ರದಾಯವನ್ನು ನಡೆಸಿದ ಕಾಲದಲ್ಲಿಯೇ, ಪಶ್ಚಿಮಕ್ಕೆ ಪುಣೆಯಲ್ಲಿ 1848ರಲ್ಲಿ ಸಾವಿತ್ರಿಬಾಯಿ ಫುಲೆ ಎಂಬ ಹದಿನೇಳು ವರ್ಷದ ತರುಣಿಯು ಪತಿಯಾದ ಜ್ಯೋತಿಬಾ ಅವರೊಡನೆ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಲು ನಿಂತಳು. ದಾರಿಯಲ್ಲಿ ಸೆಗಣಿ ಕೆಸರು ಎರಚುವವರಿದ್ದುದರಿಂದ ಉಡಲು ಬೇರೊಂದು ಸೀರೆಯನ್ನು ಚೀಲದಲ್ಲಿ ಒಯ್ಯುತ್ತಿದ್ದಳೆಂಬುದು ಪ್ರಸಿದ್ಧವಾಗಿದೆ. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿಯವರ ಹೆಸರಿನ ಹೆಣ್ಣುಮಕ್ಕಳ ಶಾಲೆಯು ತೆರೆಯಿತು. ಆ ಸಂಸ್ಥಾನದಲ್ಲಿಯೇ ಬಾಲವಿಧವೆಯಾದ ನಂಜನಗೂಡು ತಿರುಮಲಾಂಬೆಯವರು (1887-1982) ಮನೆಯಲ್ಲಿಯೇ ಓದಿ, ಗ್ರಂಥಮಾಲೆಯನ್ನೂ ಮಾಸಪತ್ರಿಕೆಯನ್ನೂ ನಡೆಸಿದರು.

ಕಲ್ಯಾಣನಾಡಿಗೆ ಈ ಗಾಳಿಯು ಬಹಳ ತಡವಾಗಿ ಬೀಸಿತು. ಇಲ್ಲಿ ಹೆಣ್ಣುಮಗುವಿಗೆ ಒಂದರ ಹಿಂದೊಂದು ಎರಡು ಬಾಗಿಲುಗಳು ಮುಚ್ಚಿದ್ದವು. ನಿಜಾಮ ಸಂಸ್ಥಾನದಲ್ಲಿ 1884ರಿಂದ ಫಾರಸಿಯ ಸ್ಥಾನಕ್ಕೆ ಉರ್ದುವು ಬಂದು, ಕಚೇರಿಗೂ ಮೇಲಿನ ವಿದ್ಯೆಗೂ ಅದೇ ಭಾಷೆಯಾಯಿತು. 1918ರಲ್ಲಿ ಪ್ರಾರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದ್ದೇ. ಉರ್ದುವು ಸೊಗಸಾದ ಭಾಷೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಮನೆಯಲ್ಲಿ ಕನ್ನಡವನ್ನಾಡುವ ಮಗುವಿಗೆ ಅದು ಏರಲಾರದ ಮೆಟ್ಟಿಲಾಯಿತು. ಗಂಡುಮಗನನ್ನು ನೌಕರಿಯ ಆಸೆಯಿಂದಾದರೂ ಆ ಮೆಟ್ಟಿಲು ಹತ್ತಿಸಿದರು. ಮಗಳಿಗೆ ನೌಕರಿಯಿಲ್ಲವಾದ್ದರಿಂದ ಶಾಲೆಯೂ ಇಲ್ಲವಾಯಿತು.

ಭಾಲ್ಕಿ ಹಿರೇಮಠದ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದ ವೃತ್ತಾಂತವು ಬೀದರ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ಕಲಬುರ್ಗಿಯ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ನಿಜಾಮರ ಆಳಿಕೆಯಲ್ಲಿಯೇ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದು ಅದಕ್ಕೆ ಮಹಾದೇವಿಯ ಹೆಸರನ್ನಿಟ್ಟರು. ಹೆಸರಿಡುವದರಲ್ಲಿ ಎಂಥ ಔಚಿತ್ಯವಿದೆಯೆಂಬುದನ್ನು ಬಲ್ಲವರೇ ಬಲ್ಲರು.

ಇದೇ ಕಾಲದಲ್ಲಿ ಗಡಿಯಾಚೆಗಿನ ಸೊಲ್ಲಾಪುರದಲ್ಲಿ ಜಯದೇವಿತಾಯಿ ಲಿಗಾಡೆಯವರು ಬೆಳೆದರು. 1912ರಲ್ಲಿ ಸಂಪನ್ನ ಲಿಂಗಾಯತ ಮನೆತನದಲ್ಲಿ ಜನಿಸಿದ ಇವರಿಗೆ ಶಾಲೆಯಲ್ಲಿ ದೊರೆತದ್ದು ಮರಾಠಿಯೇ. ಎಳೆಯ ವಯಸ್ಸಿನಲ್ಲಿಯೇ ಲಗ್ನವಾಯಿತು. ಅಷ್ಟಕ್ಕೆ ತೃಪ್ತಿಪಟ್ಟು ಗೃಹಿಣಿಯಾಗಿ ಕುಳಿತಿದ್ದರೆ ಯಾರೂ ಕೊರತೆಯೆಣಿಸುತ್ತಿರಲಿಲ್ಲ. ಅವರು ಹಾಗೆ ಮಾಡದೆ, ಕನ್ನಡ ಲಿಪಿಯನ್ನು ಸ್ವಪ್ರಯತ್ನದಿಂದ ಕಲಿತರು. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರವು 1923ರಲ್ಲಿ ಅಚ್ಚಾಗಿ, ಜಗುಲಿಯ ಕಟ್ಟಿನಲ್ಲಿದ್ದ ವಚನಗಳು ಪುಸ್ತಕರೂಪವನ್ನು ತಾಳಿದ್ದ ದಿನಗಳವು. ಶರಣೆಯರ ಮಾತನ್ನು ಓದುವದಕ್ಕೆ ಈಗ ಹೆಣ್ಣಿಗೆ ಬೇಕಾದದ್ದು ಪುರಾಣಿಕನಲ್ಲ, ಅಕ್ಷರವೊಂದೇ. ಜಯದೇವಿತಾಯಿಯವರು ತಾವು ಕಲಿತದ್ದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳದೆ ಸೊಲ್ಲಾಪುರದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದರು. ವಚನಗಳನ್ನು ಮರಾಠಿಗೂ ತಂದರು. ಸಿದ್ಧರಾಮೇಶ್ವರನ ಪುರಾಣವನ್ನು ತ್ರಿಪದಿಯಲ್ಲಿ ಹಾಡಿದರು. ತ್ರಿಪದಿಯು ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತ ಬಂದ ಮಟ್ಟು. ಪಂಡಿತರ ಷಟ್ಪದಿಯನ್ನು ಬಿಟ್ಟು ಅದನ್ನೇ ಆರಿಸಿಕೊಂಡದ್ದರಲ್ಲಿ ಅವರ ಮನಸ್ಸು ಯಾರ ಕಡೆಗಿತ್ತೆಂಬುದು ಸ್ಪಷ್ಟವಾಗುತ್ತದೆ.

1948ರ ಸೆಪ್ಟೆಂಬರದಲ್ಲಿ ಹೈದರಾಬಾದ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರ 1ರಂದು ಬೀದರ ಜಿಲ್ಲೆಯು ಕನ್ನಡನಾಡಿನಲ್ಲಿ ಕೂಡಿತು. ಸೊಲ್ಲಾಪುರವು ಹೊರಗೇ ಉಳಿಯಿತು. ಭಾಷೆಯ ಬಾಗಿಲು ತೆರೆದ ಮೇಲೂ ಹೆಣ್ಣಿನ ಬಾಗಿಲು ಸಾವಕಾಶವಾಗಿಯೇ ತೆರೆಯಿತು. ಎಲ್ಲ ಮಕ್ಕಳಿಗೂ ಕಡ್ಡಾಯ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟ ಕಾನೂನು ಜಾರಿಗೆ ಬಂದದ್ದು 2010ರಲ್ಲಿ. ಇದು ಹಳೆಯ ಮಾತೆಂದು ತಿಳಿಯಬಾರದು. ಪಾಕಿಸ್ತಾನದ ಸ್ವಾತ ಕಣಿವೆಯಲ್ಲಿ ಹೆಣ್ಣುಮಕ್ಕಳ ಶಾಲೆಗಾಗಿ ಮಾತನಾಡಿದ ಹದಿನೈದು ವರ್ಷದ ಮಲಾಲಾಳಿಗೆ 2012ರಲ್ಲಿ ಗುಂಡು ಹೊಡೆದರು; ಬದುಕಿ ಉಳಿದ ಅವಳಿಗೆ 2014ರಲ್ಲಿ ನೊಬೆಲ್ ಶಾಂತಿಪಾರಿತೋಷಕವು ದೊರೆಯಿತು. ಅಫಘಾನಿಸ್ತಾನದಲ್ಲಿ 2021ರಲ್ಲಿ ಆಳಿಕೆಯು ಬದಲಾದ ಮೇಲೆ ಹೆಣ್ಣುಮಕ್ಕಳ ಪ್ರೌಢಶಾಲೆಗಳನ್ನೇ ಮುಚ್ಚಿದರು.

ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿದಂದಿನಿಂದ ಸಮ್ಮೇಲನದ ಅಧ್ಯಕ್ಷಪೀಠದಲ್ಲಿ ಪುರುಷರೇ ಕುಳಿತುಬಂದಿದ್ದರು. 1974ರಲ್ಲಿ ಮಂಡ್ಯದಲ್ಲಿ ನೆರೆದ 48ನೆಯ ಸಮ್ಮೇಲನದಲ್ಲಿ ಆ ಪೀಠವನ್ನು ಮೊದಲಬಾರಿಗೆ ಏರಿದ ಸ್ತ್ರೀಯು, ಶಾಲೆಯಲ್ಲಿ ಕನ್ನಡವನ್ನೇ ಕಲಿಯದಿದ್ದ ಜಯದೇವಿತಾಯಿಯವರು. ಅವರು ಉತ್ತರವಯಸ್ಸಿನಲ್ಲಿ ಸೊಲ್ಲಾಪುರವನ್ನು ಬಿಟ್ಟು, ಶರಣೆಯರು ನಡೆದಾಡಿದ ಬಸವಕಲ್ಯಾಣದಲ್ಲಿ ಬಂದು ನೆಲೆಸಿ, 1986ರಲ್ಲಿ ಲಿಂಗೈಕ್ಯರಾದರು.