ಪ್ಯಾರಿಸ್‌ನ ಚರ್ಮದ ಹಾಳೆಯಿಂದ ಹರಿಹರದ ಪೀಠದವರೆಗೆ: ಕನ್ನಡ ಬೈಬಲ್ ನಡೆದು ಬಂದ ದಾರಿ

ಹರಿಹರದ ಹರಿಹರೇಶ್ವರ ದೇಗುಲವನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದನ್ನು ಅಲ್ಲಿನ 1224ರ ಶಾಸನ ಹೇಳುತ್ತದೆ. ತುಂಗಭದ್ರೆಯ ದಡದಲ್ಲಿ ಆ ಅಕ್ಷರಗಳು ಕಲ್ಲಿನ ಮೇಲೆ ಮೂಡುತ್ತಿದ್ದ ಕಾಲದಲ್ಲೇ ಪ್ಯಾರಿಸ್‌ನ ಲಿಪಿಕಾರರು ತೆಳುವಾಗಿ ಹದಗೊಳಿಸಿದ ಚರ್ಮದ ಹಾಳೆಗಳ ಮೇಲೆ ಲ್ಯಾಟಿನ್ ಬೈಬಲನ್ನು ಬರೆಯುತ್ತಿದ್ದರು. ಇಂದು ಅದೇ ಹರಿಹರದ ಆರೋಗ್ಯ ಮಾತೆಯ ಬೆಸಿಲಿಕದಲ್ಲಿ ಆ ಗ್ರಂಥವನ್ನು ಕನ್ನಡದಲ್ಲಿ ಓದುತ್ತಾರೆ. ಇವೆರಡರ ನಡುವಿನ ದಾರಿ ನಮ್ಮ ಗದ್ಯದ ಚರಿತ್ರೆಯ ಒಂದು ಮುಖ್ಯ ಅಧ್ಯಾಯ.

ಸಂತ ಜೆರೋಮ್ 4ನೆಯ ಶತಮಾನದ ಕೊನೆಯಲ್ಲಿ ಕೈಗೊಂಡ ಲ್ಯಾಟಿನ್ ಅನುವಾದವೇ ಮುಂದೆ ‘ವಲ್ಗೇಟ್’ ಎಂದು ಹೆಸರಾಯಿತು. ವಲ್ಗೇಟ್ ಪೂರ್ತಿಯಾಗಿ ಉಳಿದಿರುವ ಅತಿ ಹಳೆಯ ಪ್ರತಿ ಕೋಡೆಕ್ಸ್ ಅಮಿಯಾಟಿನಸ್. 716ಕ್ಕೆ ಮುಂಚೆ ಉತ್ತರ ಇಂಗ್ಲೆಂಡಿನ ಮಠವೊಂದರಲ್ಲಿ ಸಿದ್ಧವಾಗಿ ಈಗ ಫ್ಲಾರೆನ್ಸ್‌ನಲ್ಲಿರುವ ಈ ಪ್ರತಿಯಲ್ಲಿ ಸಾವಿರಕ್ಕೂ ಹೆಚ್ಚು ಹಾಳೆಗಳಿವೆ. ತೂಕ ಮೂವತ್ತು ಕಿಲೋ ದಾಟುತ್ತದೆ. ಒಬ್ಬನೇ ಎತ್ತಿ ಓದಲಾಗದ ಇಂಥ ಗ್ರಂಥವನ್ನು ಒಂದು ಕೈಚೀಲಕ್ಕೆ ಹಿಡಿಸುವಂತೆ ಮಾಡಿದವರು 13ನೆಯ ಶತಮಾನದ ಪ್ಯಾರಿಸ್ ಲಿಪಿಕಾರರು. ಪುಟಕ್ಕೆ ಎರಡು ಕಂಬ ಸಾಲು, ಸಾಸಿವೆಯಷ್ಟು ಚಿಕ್ಕ ಅಕ್ಷರ, ಕೆಂಪು ನೀಲಿಯ ಅಧ್ಯಾಯ ಸಂಖ್ಯೆ ಅವರ ಪ್ರತಿಗಳ ಗುರುತು. ಬೈಬಲಿನ ಈಗಿನ ಅಧ್ಯಾಯ ವಿಂಗಡಣೆ ನೆಲೆಗೊಂಡದ್ದೂ ಆ ಪ್ರತಿಗಳಿಂದಲೇ. ಅದನ್ನು 1228ರಲ್ಲಿ ತೀರಿಕೊಂಡ ಸ್ಟೀಫನ್ ಲ್ಯಾಂಗ್ಟನ್ ಹೆಸರಿಗೆ ಸಲ್ಲಿಸುವುದು ರೂಢಿ. ದಾವಣಗೆರೆಯ ಯಾವುದೇ ಮನೆಯ ಕನ್ನಡ ಬೈಬಲ್ ತೆರೆದರೂ ಕಾಣುವ ಅಧ್ಯಾಯದ ಅಂಕಿಯಲ್ಲಿ ಪೋಲಾಳ್ವನ ಕಾಲದ ಗುರುತು ಹೀಗೆ ಉಳಿದಿದೆ.

ಕನ್ನಡ ನೆಲದಲ್ಲಿ ಅನುವಾದದ ಕೆಲಸಕ್ಕೆ ಬೀಜ ಬಿದ್ದದ್ದು ಶ್ರೀರಂಗಪಟ್ಟಣದಲ್ಲಿ. 1649ರಲ್ಲಿ ಮೈಸೂರು ಸೀಮೆಯಲ್ಲಿ ಜೆಸ್ವಿತರ ಮಿಷನ್ ಆರಂಭಿಸಿದ ಇಟಲಿಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ಧರ್ಮಬೋಧೆಯ ಪುಸ್ತಕ ಬರೆದರು. ಆದರೆ ಇಡೀ ಗ್ರಂಥ ಕನ್ನಡಕ್ಕೆ ಬಂದದ್ದು ಬಳ್ಳಾರಿಯಿಂದ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎರಡು ದಶಕ ದುಡಿದು, 1831ರ ಹೊತ್ತಿಗೆ ಸಂಪೂರ್ಣ ಬೈಬಲನ್ನು ಅಚ್ಚಿಗೆ ತಂದರು. ಅವರ ಜೊತೆಗಾರ ವಿಲಿಯಂ ರೀವ್ ನಿಘಂಟು ಕಟ್ಟಿದರು. ಪದಕೋಶ ಇಲ್ಲದೆ ಅನುವಾದ ಸಾಗದು ಎಂಬುದು ಬಳ್ಳಾರಿಯಲ್ಲಿ ಆಗಲೇ ಮನವರಿಕೆಯಾಗಿತ್ತು.

ಆ ಮೊದಲ ಅನುವಾದವನ್ನು ತಿದ್ದುವ ಹೊಣೆ ಮುಂದಿನ ತಲೆಮಾರಿಗೆ ಬಂತು. ಬಾಸೆಲ್ ಮಿಷನ್ನಿನ ಮೊಗ್ಲಿಂಗ್ ಮತ್ತು ವೈಗ್ಲೆ ಜನರ ಮಾತಿಗೂ ಹಳೆಯ ಕಾವ್ಯಕ್ಕೂ ಕಿವಿಗೊಟ್ಟರು. ಓಲೆಗರಿಗಳಲ್ಲಿದ್ದ ಕನ್ನಡ ಕೃತಿಗಳನ್ನು ಮೊಗ್ಲಿಂಗ್ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದರು. ಬೆಂಗಳೂರಿನಲ್ಲಿ ಬೆಂಜಮಿನ್ ರೈಸ್ ಬೈಬಲ್ ಪರಿಷ್ಕರಣೆಗೆ ಕೂತರು. ಅವರ ಮಗನೇ ಬಿ.ಎಲ್. ರೈಸ್. ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟದಲ್ಲಿ ಹರಿಹರ, ದಾವಣಗೆರೆಯ ಶಾಸನಗಳನ್ನು ಲೋಕಕ್ಕೆ ಓದಿಸಿದವರು ಅವರು. ಅಪ್ಪ ಗ್ರಂಥದ ಕನ್ನಡವನ್ನು ತಿದ್ದಿದರೆ ಮಗ ಕಲ್ಲಿನ ಕನ್ನಡವನ್ನು ಬಿಡಿಸಿದ. ಈ ಎರಡು ಕೆಲಸಗಳು ಒಂದೇ ಮನೆಯಲ್ಲಿ ನಡೆದದ್ದು ಆಕಸ್ಮಿಕವಲ್ಲ. ಎರಡಕ್ಕೂ ಬೇಕಾದದ್ದು ಒಂದೊಂದು ಅಕ್ಷರದ ಮೇಲಿನ ಅದೇ ಅಕ್ಕರೆ.

ಪ್ರಾಟೆಸ್ಟೆಂಟ್ ಮಿಷನ್ನುಗಳ ಈ ದಾರಿಗಿಂತ ಕಥೋಲಿಕರ ದಾರಿ ಬೇರೆಯಾಗಿತ್ತು. ಬಲಿಪೂಜೆ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ನಾಡನುಡಿಗೆ ಬಾಗಿಲು ತೆರೆಯಿತು. ಆ ಬಳಿಕವೇ ಕನ್ನಡ ಪೀಠವೇರಿತು. 20ನೆಯ ಶತಮಾನದ ಕೊನೆಗೆ ಕಥೋಲಿಕರೂ ಪ್ರಾಟೆಸ್ಟೆಂಟರೂ ಕೂಡಿ ಸರಳಗನ್ನಡದ ಬೈಬಲ್ ತಂದರು. ಎರಡೂ ಪರಂಪರೆಗಳು ಶಬ್ದಗಳಲ್ಲಿ ಇಂದಿಗೂ ಕೇಳುತ್ತವೆ. ಪ್ರಾಟೆಸ್ಟೆಂಟರ ಹಳೆಯ ‘ಸತ್ಯವೇದ’ದ ‘ಯೋಹಾನ’ ಹೀಬ್ರೂವಿಗೆ ಹತ್ತಿರ, ಕಥೋಲಿಕರ ‘ಯೊವಾನ್ನ’ ಲ್ಯಾಟಿನ್ನಿಗೆ ಹತ್ತಿರ. ಒಬ್ಬರ ‘ಸುವಾರ್ತೆ’ ಇನ್ನೊಬ್ಬರ ‘ಶುಭಸಂದೇಶ’. ಒಬ್ಬರ ‘ಅಪೊಸ್ತಲ’ ಇನ್ನೊಬ್ಬರ ‘ಪ್ರೇಷಿತ’. ‘ಶುಭಸಂದೇಶ’ ಎಂದಾಗ ಕ್ರೈಸ್ತರಲ್ಲದ ಕನ್ನಡಿಗನಿಗೂ ಅರ್ಥ ತಟ್ಟನೆ ಹೊಳೆಯುತ್ತದೆ. ಅನುವಾದ ಗೆದ್ದಿತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಇನ್ನೂರು ವರ್ಷಗಳ ದುಡಿಮೆಯನ್ನು ಕೇವಲ ಮತಪ್ರಚಾರದ ಕತೆಯೆಂದು ಬದಿಗಿಡುವುದು ತಪ್ಪು. ವಿರಾಮಚಿಹ್ನೆ, ಅಚ್ಚುಮೊಳೆ, ನಿಘಂಟು, ಸರಳ ವಾಕ್ಯ ಇವೆಲ್ಲದರಲ್ಲಿ ಅದರ ಪಾಲಿದೆ. ಆದರೂ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಅದಕ್ಕೆ ಸಿಕ್ಕಿರುವ ಜಾಗ ಕಡಿಮೆ.

ಪ್ರತಿ ಸೆಪ್ಟೆಂಬರ್ 8ರಂದು ಹರಿಹರದ ಮಾತೆಯ ಹಬ್ಬಕ್ಕೆ ಜಾತಿ ಮತ ನೋಡದೆ ಜನ ಸೇರುತ್ತಾರೆ. ಆ ಜನರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜಿಯ ಕಾಲದ ಬೈಬಲ್ಲೋ, ಲ್ಯಾಟಿನ್ ಪ್ರಾರ್ಥನೆ ಪುಸ್ತಕವೋ, ಓಲೆಗರಿಯ ಕಟ್ಟೋ ಇದ್ದರೆ ರದ್ದಿಗೆ ಹಾಕಬೇಡಿ, ಹೊಳೆಗೆ ಬಿಡಬೇಡಿ. ಹಾಳೆಯಂಚಿನಲ್ಲಿ ಯಾರೋ ಬರೆದಿಟ್ಟ ಜನನ, ಮದುವೆಯ ದಿನಾಂಕವೂ ಚರಿತ್ರೆಯೇ. ಬಟ್ಟೆಯಲ್ಲಿ ಸುತ್ತಿ, ತೇವ ತಾಗದಂತೆ ಇಟ್ಟು, ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೆ ಒಮ್ಮೆ ತೋರಿಸಿ.