ಘಟ್ಟ ಹತ್ತಿ ಬಂದ ಸಹೋದರಿಯರು

ಹಿಜ್ರತ್ ಎಂದಾಗ ನಮಗೆ ಮೊದಲು ನೆನಪಾಗುವುದು ಮಕ್ಕಾದಿಂದ ಮದೀನಾಕ್ಕೆ ಹೋಗುವ ದಾರಿ. ಅದಕ್ಕೂ ಏಳು ವರ್ಷ ಮೊದಲು, ಕ್ರಿ.ಶ. 615ರಲ್ಲಿ, ಮಕ್ಕಾದವರ ಹಿಂಸೆ ತಾಳಲಾರದೆ ಒಂದು ಸಣ್ಣ ತಂಡ ಕೆಂಪು ಸಮುದ್ರ ದಾಟಿ ಅಬಿಸೀನಿಯಾಕ್ಕೆ ಹೋಗಿತ್ತು. ಅಲ್ಲಿನ ಕ್ರೈಸ್ತ ದೊರೆ ನಜ್ಜಾಶಿ ಅವರಿಗೆ ಆಶ್ರಯ ಕೊಟ್ಟನು. ಪ್ರವಾದಿವರ್ಯರ(ಸ) ಪುತ್ರಿ ರುಖಿಯ್ಯಾ(ರ) ಮತ್ತು ಉಮ್ಮು ಸಲಮಾ(ರ) ಆ ತಂಡದಲ್ಲಿದ್ದರು. ಅನಂತರ ಹೋದವರಲ್ಲಿ ಜಅಫರ್ ಬಿನ್ ಅಬೀತಾಲಿಬ್(ರ) ಅವರ ಪತ್ನಿ ಅಸ್ಮಾ ಬಿನ್ತ್ ಉಮೈಸ್(ರ) ಇದ್ದರು. ಪರದೇಶದಲ್ಲಿಯೇ ಅವರು ಮಕ್ಕಳನ್ನು ಹೆತ್ತು ಸಾಕಿದರು. 628ರಲ್ಲಿ ಹಡಗು ಹತ್ತಿ ಮದೀನಾಕ್ಕೆ ಬಂದಾಗ, ಹಿಜ್ರತ್ತಿನಲ್ಲಿ ನಾವು ನಿಮಗಿಂತ ಮುಂದಿನವರು, ಪ್ರವಾದಿಯವರ(ಸ) ಮೇಲೆ ನಮಗೇ ಹೆಚ್ಚು ಹಕ್ಕು ಎಂಬ ಮಾತನ್ನು ಹಝ್ರತ್ ಉಮರ್(ರ) ಅವರಿಂದ ಕೇಳಬೇಕಾಯಿತು. ಅಸ್ಮಾ(ರ) ಸುಮ್ಮನಾಗಲಿಲ್ಲ. ನೀವು ಪ್ರವಾದಿಯವರ(ಸ) ಜೊತೆಗಿದ್ದಿರಿ, ಹಸಿದಾಗ ನಿಮಗೆ ಅನ್ನವಿತ್ತು, ನಾವಾದರೋ ದೂರದ ನಾಡಿನಲ್ಲಿ ಭಯದಲ್ಲಿದ್ದೆವು ಎಂದು ಉತ್ತರಿಸಿ, ನೇರವಾಗಿ ಪ್ರವಾದಿಯವರಲ್ಲಿ(ಸ) ದೂರು ಕೊಟ್ಟರು. ಉಮರ್(ರ) ಮತ್ತು ಅವರ ಸಂಗಾತಿಗಳಿಗೆ ಒಂದು ಹಿಜ್ರತ್ತಿನ ಪುಣ್ಯ, ಹಡಗಿನವರಾದ ನಿಮಗೆ ಎರಡು ಹಿಜ್ರತ್ತಿನ ಪುಣ್ಯ ಎಂಬ ತೀರ್ಮಾನ ಅವರಿಗೆ ದೊರೆಯಿತು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಈ ವರದಿ ಇದೆ. ಆ ಹಡಗಿನಲ್ಲಿ ಬಂದವರು ಗುಂಪು ಗುಂಪಾಗಿ ಅಸ್ಮಾರ(ರ) ಬಳಿಗೆ ಹೋಗಿ ಈ ಮಾತನ್ನು ಮತ್ತೆ ಮತ್ತೆ ಕೇಳಿ ಸಂತೋಷಪಡುತ್ತಿದ್ದರು.

ಗಂಡನ ಜೊತೆಗೆ ಬಂದವಳು ಎಂದು ಅಸ್ಮಾರನ್ನು(ರ) ಯಾರೂ ಬದಿಗೆ ಸರಿಸಲಿಲ್ಲ. ಅವರ ಪಯಣವನ್ನು ಅವರ ಹೆಸರಿನಲ್ಲಿಯೇ ಎಣಿಸಲಾಯಿತು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯ ಚರಿತ್ರೆಯನ್ನು ಓದುವಾಗ ಈ ಪ್ರಸಂಗವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಕಾಫಿ ಗಿಡವೂ ವಲಸೆ ಬಂದದ್ದೇ. ಅದರ ತವರು ಆ ಅಬಿಸೀನಿಯಾ, ಎಂದರೆ ಇಂದಿನ ಇಥಿಯೋಪಿಯಾ. ಅಲ್ಲಿಂದ ಯೆಮನ್‌ಗೆ ಬಂತು. ಯೆಮನ್‌ನಿಂದ ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಏಳು ಬೀಜಗಳನ್ನು ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರೆಂಬುದು ಈ ನಾಡಿನ ಪ್ರತೀತಿ. ಬಹುಕಾಲ ಹಿತ್ತಲ ಬೆಳೆಯಂತೆ ಇದ್ದ ಕಾಫಿ ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿಯನ್ ತೋಟಗಾರರು ಬಂದ ಮೇಲೆ ಕಾಡು ಕಡಿದು ಮಾಡುವ ದೊಡ್ಡ ವ್ಯವಹಾರವಾಯಿತು. ಅಷ್ಟು ಕೆಲಸಕ್ಕೆ ಸ್ಥಳೀಯ ದಲಿತ ಕೂಲಿಗಳ ಕೈ ಸಾಲಲಿಲ್ಲ. ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದಲೂ ತಮಿಳು ಸೀಮೆಯಿಂದಲೂ ಆಳುಗಳನ್ನು ಕರೆತರುವ ಪದ್ಧತಿ ಬೆಳೆಯಿತು.

ಕರೆತರುವವನು ಮೇಸ್ತ್ರಿ. ತೋಟದ ಸಾಹುಕಾರರಿಂದ ಮುಂಗಡ ಹಣ ಪಡೆದು ಊರೂರು ತಿರುಗಿ ಸಾಲದಲ್ಲಿದ್ದ ಮನೆಗಳನ್ನು ಹುಡುಕುತ್ತಿದ್ದ. ಕೆಳಗೆ ಭತ್ತದ ಕೊಯ್ಲು ಮುಗಿದ ಮೇಲೆ ಜನ ಘಟ್ಟ ಹತ್ತಿ ಬಂದು ಹಣ್ಣು ಕೊಯ್ದು, ಮಳೆಗಾಲಕ್ಕೆ ಮುಂಚೆ ಇಳಿದು ಹೋಗುತ್ತಿದ್ದರು. ಮಲೆನಾಡಿನ ಚಳಿಜ್ವರಕ್ಕೆ ಹೆದರದವರು ಯಾರೂ ಇರಲಿಲ್ಲ. ಮುಂಗಡದ ಲೆಕ್ಕ ಗಂಡನ ಹೆಸರಿನಲ್ಲಿ ಇರುತ್ತಿತ್ತು, ಅದನ್ನು ತೀರಿಸುವ ದುಡಿಮೆಯಲ್ಲಿ ಮಾತ್ರ ಹೆಂಡತಿ ಮಕ್ಕಳೂ ಪಾಲುದಾರರು. ಹಣ್ಣು ಕೊಯ್ಯುವುದು, ಆರಿಸುವುದು, ಕಣದಲ್ಲಿ ಒಣಗಿಸುವುದು, ಕಳೆ ತೆಗೆಯುವುದು ಹೆಚ್ಚಾಗಿ ಹೆಂಗಸರ ಕೆಲಸವಾಗಿತ್ತು. ಕೂಲಿಯ ದರ ಗಂಡಸಿಗಿಂತ ಕಡಿಮೆ.

ಮುಂಗಡದ ಹಿಂದೆ ಕಾನೂನಿನ ಬಲವೂ ಇತ್ತು. ಬ್ರಿಟಿಷ್ ಸರ್ಕಾರ ತಂದ 1859ರ 13ನೇ ಕಾಯ್ದೆಯ ಪ್ರಕಾರ, ಮುಂಗಡ ಪಡೆದು ಕೆಲಸಕ್ಕೆ ಬಾರದ ಆಳನ್ನು ಮೂರು ತಿಂಗಳವರೆಗೆ ಜೈಲಿಗೆ ಕಳುಹಿಸಬಹುದಿತ್ತು. ಕೂಲಿ ಕೊಡದ ಮಾಲಿಕನಿಗೆ ಅಂಥ ಶಿಕ್ಷೆ ಇರಲಿಲ್ಲ. ದಕ್ಷಿಣ ಭಾರತದ ತೋಟಗಾರರು ಈ ಕಾಯ್ದೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಅದನ್ನು ರದ್ದು ಮಾಡುವ ಮಸೂದೆ ಅಂಗೀಕಾರವಾದದ್ದು 1925ರಲ್ಲಿ. ಅಷ್ಟರಲ್ಲಿ ಎರಡು ಮೂರು ತಲೆಮಾರು ಕಳೆದಿತ್ತು. ಆ ಕಾಲದ ತೋಟಗಾರರು ತಮ್ಮ ಅನುಭವಗಳನ್ನು ಪುಸ್ತಕಗಳಾಗಿ ಬರೆದಿಟ್ಟಿದ್ದಾರೆ. ಮಂಜರಾಬಾದ್ ಸೀಮೆಯ ರಾಬರ್ಟ್ ಎಲಿಯಟ್‌ನ ಪುಸ್ತಕ 1871ರಲ್ಲಿಯೇ ಅಚ್ಚಾಯಿತು. ಲೈನ್ ಮನೆಯ ಹೆಂಗಸರು ಏನನ್ನೂ ಬರೆದಿಡಲಿಲ್ಲ.

ಸ್ವಾತಂತ್ರ್ಯಾನಂತರ ಸಂಸತ್ತು 1951ರಲ್ಲಿ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯನ್ನು ತಂದಿತು. ಮನೆ, ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ಸೌಲಭ್ಯ ಕೊಡುವುದು ಮಾಲಿಕನ ಹೊಣೆಯೆಂದು ಅದು ಹೇಳಿತು. ಐವತ್ತು ಮತ್ತು ಹೆಚ್ಚು ಮಹಿಳೆಯರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ರಾತ್ರಿ ಏಳರಿಂದ ಬೆಳಗಿನ ಆರರವರೆಗೆ ಹೆಂಗಸರನ್ನು ದುಡಿಸುವುದಕ್ಕೆ ತಡೆ ಹಾಕಿತು. 1961ರಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆ, 1976ರಲ್ಲಿ ಸಮಾನ ವೇತನದ ಕಾಯ್ದೆ, ಅದೇ ವರ್ಷ ಜೀತ ನಿರ್ಮೂಲನಾ ಕಾಯ್ದೆ, 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದವು. 2020ರ ಕಾರ್ಮಿಕ ಸಂಹಿತೆಗಳು ಇವುಗಳಲ್ಲಿ ಹಲವನ್ನು ತಮ್ಮೊಳಗೆ ಸೇರಿಸಿಕೊಂಡಿವೆ.

ಹೊಟ್ಟೆಯಲ್ಲಿರುವ ಮಗು, ಬೆನ್ನಿಗೆ ಕಟ್ಟಿದ ಮಗು ಎರಡನ್ನೂ ಕಾನೂನು ಕಂಡದ್ದು ದೊಡ್ಡ ಬದಲಾವಣೆಯೇ. ಆದರೆ 1951ರ ಕಾಯ್ದೆ ಅನ್ವಯವಾಗಿದ್ದು ಮೊದಲು 25 ಎಕರೆ ಮತ್ತು 30 ಕಾರ್ಮಿಕರಿದ್ದ ತೋಟಗಳಿಗೆ. 1981ರ ತಿದ್ದುಪಡಿಯ ಬಳಿಕ 5 ಹೆಕ್ಟೇರ್ ಮತ್ತು 15 ಕಾರ್ಮಿಕರಿದ್ದ ತೋಟಗಳಿಗೆ. ನಮ್ಮ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಕೊಯ್ಲಿನ ಎರಡು ಮೂರು ತಿಂಗಳಿಗೆ ಬಂದು ಇಂದು ಒಂದು ತೋಟ, ನಾಳೆ ಇನ್ನೊಂದು ತೋಟ ಎಂದು ತಿರುಗುವ ಹೆಂಗಸು ಯಾವ ಹಾಜರಿ ಪುಸ್ತಕಕ್ಕೂ ಸೇರುವುದಿಲ್ಲ. ಅವಳ ಮಗುವಿಗೆ ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯೇ ಶಿಶುಪಾಲನಾ ಕೇಂದ್ರ.

ಘಟ್ಟದ ಕೆಳಗೆ ಇನ್ನೊಂದು ವಲಸೆ ನಡೆಯಿತು. ಸಿಲೋನಿನ ಚಹಾ ತೋಟಗಳಿಗೆ ಬ್ರಿಟಿಷರು ಒಯ್ದಿದ್ದ ತಮಿಳು ಕೂಲಿಗಳ ಮಕ್ಕಳು ಮೊಮ್ಮಕ್ಕಳು ಆ ದೇಶ ಸ್ವತಂತ್ರವಾದ ಮೇಲೆ ಯಾವ ನಾಡಿನ ಪ್ರಜೆಗಳೂ ಆಗದೆ ಉಳಿದರು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಂತೆ 5,25,000 ಜನರನ್ನು ಭಾರತ ಪಡೆಯುವುದು, 3,00,000 ಜನರಿಗೆ ಸಿಲೋನ್ ಪೌರತ್ವ ಕೊಡುವುದು ಎಂದಾಯಿತು. ಉಳಿದ 1,50,000 ಜನರನ್ನು 1974ರಲ್ಲಿ ಸಮನಾಗಿ ಹಂಚಿಕೊಳ್ಳಲು ತೀರ್ಮಾನವಾಯಿತು. ಹೀಗೆ ಬಂದವರಲ್ಲಿ ಹಲವು ಕುಟುಂಬಗಳು ಸುಳ್ಯ, ಪುತ್ತೂರು ಭಾಗದ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಸಿದವು. ಆ ಹೆಂಗಸರು ಚಹಾ ಚಿಗುರು ಕೀಳುತ್ತಿದ್ದ ಕೈಯಲ್ಲಿ ರಬ್ಬರ್ ಹಾಲು ತೆಗೆಯಲು ಕಲಿತರು. ಎರಡು ಸರ್ಕಾರಗಳು ಲಕ್ಷದ ಲೆಕ್ಕದಲ್ಲಿ ಮನುಷ್ಯರನ್ನು ಹಂಚಿಕೊಂಡಾಗ ನಿನಗೆಲ್ಲಿ ಇರಬೇಕೆಂಬ ಆಸೆ ಎಂದು ಮನೆಯ ಹೆಂಗಸನ್ನು ಕೇಳುವವರು ಇರಲಿಲ್ಲ.

ಈಗ ನಮ್ಮ ತೋಟಗಳಿಗೆ ಬರುತ್ತಿರುವವರು ಇನ್ನೂ ದೂರದವರು. ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್, ಮಧ್ಯಪ್ರದೇಶಗಳಿಂದ ಕುಟುಂಬ ಸಮೇತ ಬರುತ್ತಾರೆ. ಮುಸ್ಲಿಮರಿದ್ದಾರೆ, ಆದಿವಾಸಿಗಳಿದ್ದಾರೆ, ಕ್ರೈಸ್ತರಿದ್ದಾರೆ. ಬಂಗಾಳಿ ಮಾತಾಡುವವರನ್ನು ಕಂಡ ಕೂಡಲೇ ಬಾಂಗ್ಲಾದೇಶದವರು ಎಂದು ಅನುಮಾನಿಸುವ ಕೆಟ್ಟ ಅಭ್ಯಾಸ ಬೆಳೆದಿದೆ. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವ ಪಟ್ಟಿಯಿಂದ 19 ಲಕ್ಷಕ್ಕಿಂತ ಹೆಚ್ಚು ಜನ ಹೊರಗುಳಿದರು. ಅಲ್ಲಿ ಹೆಂಗಸರ ಕಷ್ಟ ಬೇರೆಯದೇ ಆಗಿತ್ತು. ಶಾಲೆಗೆ ಹೋಗಿಲ್ಲ, ಜನನ ಪತ್ರವಿಲ್ಲ, ಮದುವೆಯಾಗಿ ಬೇರೆ ಊರಿಗೆ ಹೋದವಳು. ತಾನು ಇಂಥ ತಂದೆಯ ಮಗಳು ಎಂದು ತೋರಿಸಲು ಲಕ್ಷಾಂತರ ಹೆಂಗಸರಿಗೆ ಇದ್ದ ಕಾಗದ ಪಂಚಾಯತಿ ಕಾರ್ಯದರ್ಶಿಯ ಪ್ರಮಾಣಪತ್ರ ಒಂದೇ. 2017ರಲ್ಲಿ ಗುವಾಹಟಿ ಹೈಕೋರ್ಟು ಅದು ಸಲ್ಲದೆಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಪರಿಶೀಲನೆಗೆ ಒಳಪಟ್ಟು ಅದನ್ನು ಸ್ವೀಕರಿಸಬಹುದೆಂದಿತು. ಆ ಭಯವನ್ನು ಗಂಟು ಕಟ್ಟಿಕೊಂಡೇ ಹಲವರು ಇಲ್ಲಿಗೆ ಬರುತ್ತಾರೆ.

ಹಳೆಯ ಮುಂಗಡದ ನೆರಳೂ ಹೋಗಿಲ್ಲ. 2022ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯ ಒಂದು ಕಾಫಿ ತೋಟದಲ್ಲಿ ಸಾಲದ ಹಣಕ್ಕಾಗಿ ದಲಿತ ಕೂಲಿ ಕುಟುಂಬಗಳನ್ನು ಕೂಡಿಹಾಕಿ ಹೊಡೆಯಲಾಯಿತೆಂದೂ, ಅವರಲ್ಲಿದ್ದ ಗರ್ಭಿಣಿಯೊಬ್ಬಳಿಗೆ ಗರ್ಭಪಾತವಾಯಿತೆಂದೂ ದೂರು ದಾಖಲಾಗಿ ರಾಜ್ಯವೆಲ್ಲ ಸುದ್ದಿಯಾಯಿತು. 1859ರ ಕಾಯ್ದೆ ಸತ್ತು ಒಂದು ಶತಮಾನ ಸಮೀಪಿಸಿದ್ದಾಗ ಕೇಳಿಬಂದ ದೂರು ಇದು.

ಹಾಗಾದರೆ ಪರಿಸ್ಥಿತಿ ಬದಲಾದದ್ದು ಎಲ್ಲಿ? ಹೆಂಗಸರು ತಾವೇ ಕೂಡಿ ನಿಂತ ಕಡೆ. 1959ರ ಮಾರ್ಚ್ 12ರಂದು ಲಾಸಾದಲ್ಲಿ ಬೀದಿಗಿಳಿದ ಟಿಬೆಟನ್ ಮಹಿಳೆಯರ ಸಂಘಟನೆ ನಿರಾಶ್ರಿತರಾದ ಮೇಲೂ ಅಳಿಯಲಿಲ್ಲ. 1984ರಲ್ಲಿ ಧರ್ಮಶಾಲೆಯಲ್ಲಿ ಟಿಬೆಟನ್ ಮಹಿಳಾ ಸಂಘವಾಗಿ ಮತ್ತೆ ಕಟ್ಟಲ್ಪಟ್ಟಿತು. ನಮ್ಮ ರಾಜ್ಯದ ಟಿಬೆಟನ್ ಶಿಬಿರಗಳಲ್ಲೂ ಅದರ ಶಾಖೆಗಳಿವೆ. ಹೆಣ್ಣುಮಕ್ಕಳ ಓದು, ವೃದ್ಧರ ಆರೈಕೆಯಂಥ ಕೆಲಸಗಳನ್ನು ಅದು ಮಾಡುತ್ತದೆ. ಕೇರಳದ ಮುನ್ನಾರಿನ ಚಹಾ ತೋಟಗಳಲ್ಲಿ 2015ರ ಸೆಪ್ಟೆಂಬರಿನಲ್ಲಿ, ತಮಿಳು ನಾಡಿನಿಂದ ವಲಸೆ ಬಂದವರ ಮಕ್ಕಳು ಮೊಮ್ಮಕ್ಕಳಾದ ಸಾವಿರಾರು ಹೆಂಗಸರು ಬೋನಸ್ ಕಡಿತದ ವಿರುದ್ಧ ರಸ್ತೆಯಲ್ಲಿ ಕುಳಿತರು. ಗಂಡಸರು ನಡೆಸುತ್ತಿದ್ದ ಯೂನಿಯನ್‌ಗಳ ಮುಖಂಡರನ್ನು ಹತ್ತಿರ ಸೇರಿಸಲಿಲ್ಲ. ಒಂಬತ್ತು ದಿನಗಳ ಬಳಿಕ ಒಟ್ಟು ಶೇ. 20ರಷ್ಟು ಹಣ ಕೊಡಲು ಕಂಪೆನಿ ಒಪ್ಪಿತು. ‘ಪೆಂಬಿಳೈ ಒರುಮೈ’, ಅಂದರೆ ಹೆಂಗಸರ ಒಗ್ಗಟ್ಟು, ಎಂಬ ಹೆಸರು ಅವರ ಸಂಘಕ್ಕೆ ಬಂತು. ಮುಂದೆ ಅದರಲ್ಲಿ ಒಡಕು ಉಂಟಾದದ್ದೂ ನಿಜ. ಆದರೂ ಆ ಒಂಬತ್ತು ದಿನ ದಕ್ಷಿಣ ಭಾರತದ ತೋಟಗಳ ಚರಿತ್ರೆಯಲ್ಲಿ ಉಳಿಯುತ್ತದೆ.

ನಮ್ಮ ಹಳ್ಳಿಗಳಲ್ಲಿ 2000–01ರಿಂದ ಸ್ತ್ರೀಶಕ್ತಿ ಗುಂಪುಗಳಿವೆ. ಹದಿನೈದು ಇಪ್ಪತ್ತು ಹೆಂಗಸರು ವಾರಕ್ಕೊಮ್ಮೆ ಸೇರಿ ಉಳಿತಾಯ ಮಾಡುತ್ತಾರೆ, ಸಾಲ ಪಡೆಯುತ್ತಾರೆ, ಬ್ಯಾಂಕಿನ ಮೆಟ್ಟಿಲು ಹತ್ತಲು ಕಲಿತಿದ್ದಾರೆ. ಲೈನ್ ಮನೆಯಲ್ಲಿ ಹುಟ್ಟಿ ಬೆಳೆದ ಎಷ್ಟೋ ಹೆಣ್ಣುಮಕ್ಕಳಿಗೆ ಇವು ಆಸರೆಯಾಗಿವೆ. ಆದರೆ ವರ್ಷವಿಡೀ ಒಂದೇ ಊರಿನಲ್ಲಿದ್ದು ವಾರವಾರ ಹಣ ಕಟ್ಟುವವರಿಗೆ ಹೊಂದುವ ಪದ್ಧತಿ ಅದು. ಕೊಯ್ಲಿಗೆ ಬಂದು ಹೋಗುವವಳು ಅಲ್ಲಿ ಹೊಂದುವುದಿಲ್ಲ. ಅವಳಿಗಾಗಿ ಬೇರೆ ಬಗೆಯ ಜೊತೆಗಾರಿಕೆ ಬೇಕು.

ಸಹೋದರ ಸಹೋದರಿಯರೇ, ಈ ಸೀಮೆಯ ನಮ್ಮ ಜಮಾಅತ್‌ಗಳಲ್ಲಿ ಬ್ಯಾರಿ ಕುಟುಂಬಗಳು ಬಹಳ. ಅವರ ಅಜ್ಜ ಅಜ್ಜಿಯರು ಚಾರ್ಮಾಡಿ ಘಟ್ಟ ಹತ್ತಿ ವ್ಯಾಪಾರಕ್ಕೂ ಕೂಲಿಗೂ ಬಂದವರು. ‘ಘಟ್ಟದ ಕೆಳಗಿನವರು’ ಎಂಬ ಹೆಸರನ್ನು ಅವರೂ ಹೊತ್ತಿದ್ದರು. ಇಂದು ಲೈನ್ ಮನೆಗೆ ಬಂದಿಳಿಯುವ ಅಸ್ಸಾಮಿನ ಹೆಂಗಸಿಗೂ ಆ ಅಜ್ಜಿಗೂ ನಡುವೆ ಇರುವುದು ಎರಡು ತಲೆಮಾರಿನ ಅಂತರ ಮಾತ್ರ.

ಮಾಡಬಹುದಾದ ಕೆಲಸ ಕಣ್ಣ ಮುಂದೆಯೇ ಇದೆ. ಪ್ರತಿ ಜಮಾಅತ್ತಿನ ನಾಲ್ಕೈದು ಮಹಿಳೆಯರು ಕೊಯ್ಲಿನ ಆರಂಭದಲ್ಲಿ ಹತ್ತಿರದ ಲೈನ್ ಮನೆಗಳಿಗೆ ಹೋಗಲಿ. ಅವಳ ಹೆಸರು, ಮಕ್ಕಳ ವಯಸ್ಸು, ಕರೆತಂದ ಮೇಸ್ತ್ರಿಯ ಹೆಸರು, ಪಡೆದ ಮುಂಗಡ ಎಷ್ಟು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಅವಳು ಗರ್ಭಿಣಿಯಾಗಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಜೊತೆಗೆ ಹೋಗಿ ತಾಯಿ ಕಾರ್ಡ್ ಮಾಡಿಸಲಿ. ಮಗುವನ್ನು ಅಂಗನವಾಡಿಗೆ ಸೇರಿಸಲಿ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಗೆ ಅಸ್ಸಾಂ 2022ರ ಜೂನಿನಲ್ಲಿ ಸೇರಿದೆ. ಅಲ್ಲಿನ ಚೀಟಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗಬೇಕು. ಕೂಲಿ ಅವಳ ಕೈಗೇ ಸೇರುತ್ತಿದೆಯೇ ಎಂದು ಕೇಳಲಿ. ಅನ್ಯಾಯವಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. 1987ರ ಕಾಯ್ದೆಯಂತೆ ಯಾವ ಮಹಿಳೆಗಾದರೂ, ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ದೊರೆಯುತ್ತದೆ. ಈ ಸಹಾಯದಲ್ಲಿ ಮುಸ್ಲಿಮಳೋ ಆದಿವಾಸಿಯೋ ಎಂಬ ಭೇದ ಬೇಡ. ನಜ್ಜಾಶಿ ದೊರೆ ತನ್ನ ಧರ್ಮದವರಲ್ಲದವರಿಗೇ ಆಶ್ರಯ ಕೊಟ್ಟಿದ್ದನು.

ತೋಟಗಳಲ್ಲಿ ಒಳ್ಳೆಯ ಮನೆ ಕಟ್ಟಿಸಿ, ಕೂಲಿಯನ್ನು ಸರಿಯಾಗಿ ಕೊಡುವ ಮಾಲಿಕರೂ ಇದ್ದಾರೆ. ಅವರು ಇಂಥ ಗುಂಪಿಗೆ ಅಡ್ಡಿಯಾಗಲಾರರು. ನಮ್ಮವರೇ ತೋಟದ ಮಾಲಿಕರು, ಮೇಸ್ತ್ರಿಗಳು, ರೈಟರ್‌ಗಳು ಆಗಿರುವ ಕಡೆ ಆರಂಭ ಅಲ್ಲಿಂದಲೇ ಆಗಬೇಕು. ಬೆವರು ಆರುವ ಮುಂಚೆ ಕೂಲಿ ಕೊಡಬೇಕೆಂಬ ಬೋಧನೆಯನ್ನು ಮಿಂಬರಿನಿಂದ ಎಷ್ಟೋ ಬಾರಿ ಕೇಳಿದ್ದೇವೆ. ಆ ಬೋಧನೆ ಗಂಡಸಿನ ಬೆವರಿಗೆ ಹೇಗೋ ಅವಳ ಬೆವರಿಗೂ ಹಾಗೆಯೇ.

ಅಸ್ಮಾ(ರ) ದೂರು ತಂದಾಗ ಅದನ್ನು ಕೇಳಲು ಪ್ರವಾದಿವರ್ಯರು(ಸ) ಇದ್ದರು. ನಮ್ಮ ಬೆಟ್ಟಗಳಿಗೆ ಬರುವ ಹೆಂಗಸು ತನ್ನ ಮಾತನ್ನು ಯಾರ ಬಳಿ ಹೇಳಬೇಕು? ಬರುವ ಕೊಯ್ಲಿನೊಳಗೆ ಪ್ರತಿಯೊಂದು ಜಮಾಅತ್ ಈ ಪ್ರಶ್ನೆಗೆ ಕನಿಷ್ಠ ಇಬ್ಬರು ಮಹಿಳೆಯರ ಹೆಸರನ್ನು ಬರೆದು ಉತ್ತರ ಕೊಡುವಂತಾಗಲಿ. ಅಲ್ಲಾಹನು ಅದಕ್ಕೆ ನಮಗೆ ಅನುಗ್ರಹ ನೀಡಲಿ, ಆಮೀನ್.